ನಾಯಿಯ ಹೆಸರಿನಲ್ಲಿ ಜರ್ಮನಿಯ ಚರಿತ್ರೆ

1919ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್‌ಗೆ ಒಂದು ಇಕ್ಕಟ್ಟು ಎದುರಾಯಿತು. ಮೊದಲ ಮಹಾಯುದ್ಧ ಮುಗಿದು ಇನ್ನೂ ವರ್ಷ ಕಳೆದಿರಲಿಲ್ಲ. ರಣರಂಗದಲ್ಲಿ ಸುದ್ದಿ ಒಯ್ಯುವ, ಗಾಯಾಳುಗಳನ್ನು ಹುಡುಕುವ, ರಾತ್ರಿಯಿಡೀ ಕಾವಲಿರುವ ಜರ್ಮನ್ ಸೇನೆಯ ನಾಯಿಗಳನ್ನು ಕಂಡು ಬ್ರಿಟಿಷ್ ಸೈನಿಕರು ಬೆರಗಾಗಿದ್ದರು. ಕೆಲವರು ಅಂಥ ನಾಯಿಗಳನ್ನು ಊರಿಗೂ ತಂದಿದ್ದರು. ಈಗ ಆ ತಳಿಯನ್ನು ಕ್ಲಬ್ಬಿನ ದಾಖಲೆಯಲ್ಲಿ ನಮೂದಿಸಬೇಕಿತ್ತು. ಆದರೆ ಹೆಸರೇನೆಂದು ಬರೆಯುವುದು? ಅದರ ನಿಜವಾದ ಹೆಸರು 'ಡಾಯ್ಚರ್ ಶೇಫರ್‌ಹುಂಡ್', ಅಂದರೆ ಜರ್ಮನ್ ಕುರಿಕಾಯುವವನ ನಾಯಿ. ನಾಲ್ಕು ವರ್ಷಗಳ ಕಾಲ ಜರ್ಮನರ ವಿರುದ್ಧ ಕಾದಾಡಿ ಲಕ್ಷಾಂತರ ಮಕ್ಕಳನ್ನು ಕಳೆದುಕೊಂಡ ದೇಶದಲ್ಲಿ 'ಜರ್ಮನ್' ಎಂಬ ಮಾತನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಹೀಗಾಗಿ ಅದಕ್ಕೆ 'ಆಲ್ಸೇಷಿಯನ್ ವುಲ್ಫ್ ಡಾಗ್' ಎಂದು ಹೊಸ ನಾಮಕರಣವಾಯಿತು. ಆಲ್ಸೇಸ್ ಎಂಬುದು ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿರುವ ಪ್ರಾಂತ. 1871ರಲ್ಲಿ ಜರ್ಮನಿ ಅದನ್ನು ಫ್ರಾನ್ಸಿನಿಂದ ಕಿತ್ತುಕೊಂಡಿತ್ತು. ಯುದ್ಧದಲ್ಲಿ ಸೋತ ಮೇಲೆ ಹಿಂದಿರುಗಿಸಬೇಕಾಯಿತು. ಸೋತವರಿಂದ ನೆಲವನ್ನಷ್ಟೇ ಅಲ್ಲ, ನಾಯಿಯನ್ನೂ ಕಿತ್ತುಕೊಂಡಂತಾಯಿತು. ನಾಯಿ ಮಾತ್ರ ಇದ್ದ ಹಾಗೆಯೇ ಇತ್ತು.

ನಾಯಿಯ ಹೆಸರಿನ ಬಗ್ಗೆ ದೇಶದೇಶಗಳು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಜಗತ್ತಿನ ಪ್ರಸಿದ್ಧ ನಾಯಿತಳಿಗಳಲ್ಲಿ ಹಲವು ಜರ್ಮನಿಯಲ್ಲಿ ರೂಪುಗೊಂಡವು. ಡಾಬರ್‌ಮನ್, ರಾಟ್‌ವೈಲರ್, ಡ್ಯಾಶ್‌ಹೌಂಡ್, ಗ್ರೇಟ್ ಡೇನ್, ಬಾಕ್ಸರ್, ಪಮೇರಿಯನ್ ಎಲ್ಲವೂ ಆ ಸಾಲಿನವು. ಇವುಗಳ ಹೆಸರನ್ನು ಬಿಡಿಸಿ ನೋಡಿದರೆ ಒಂದೊಂದರಲ್ಲೂ ಒಂದೊಂದು ಕಾಲದ ಜರ್ಮನಿ ಕಾಣುತ್ತದೆ. ಮೊದಲು ನಾಯಿಯನ್ನು ಅದರ ಕೆಲಸದಿಂದ ಕರೆದರು, ಆಮೇಲೆ ಊರಿನಿಂದ, ಕೊನೆಗೆ ರಾಷ್ಟ್ರದಿಂದ. ಕೆಲಸದ ಹೆಸರಿದ್ದಾಗ ಯಾವ ತಕರಾರೂ ಇರಲಿಲ್ಲ. ರಾಷ್ಟ್ರದ ಹೆಸರು ಅಂಟಿದ ಮೇಲೆ ನಾಯಿಯೂ ಯುದ್ಧದ ಪಾಲುದಾರನಾಯಿತು.

ಸಮಾಸ ಬಿಡಿಸಿದರೆ ಅರ್ಥ

ಜರ್ಮನ್ ಭಾಷೆಯಲ್ಲಿ ನಾಯಿಗೆ 'ಹುಂಡ್' ಎನ್ನುತ್ತಾರೆ. ಇಂಗ್ಲಿಷಿನ 'ಹೌಂಡ್' ಇದರ ಒಡಹುಟ್ಟು. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ 'ಕ್ಯಾನಿಸ್', ಸಂಸ್ಕೃತದ 'ಶ್ವನ್' ಕೂಡ ಇದೇ ಕುಲದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಅಂದರೆ ಕನ್ನಡಿಗರು ಸಂಸ್ಕೃತದಿಂದ ಪಡೆದ 'ಶ್ವಾನ'ಕ್ಕೂ ಜರ್ಮನರ 'ಹುಂಡ್'ಗೂ ಬೇರು ಒಂದೇ. 'ನಾಯಿ' ಮಾತ್ರ ಅಪ್ಪಟ ದ್ರಾವಿಡ ಪದ.

ಎರಡು ಮೂರು ಪದಗಳನ್ನು ಬೆಸೆದು ಒಂದೇ ಪದ ಮಾಡುವುದು ಜರ್ಮನ್ ಭಾಷೆಯ ಜಾಯಮಾನ. ಶಾಲೆಯಲ್ಲಿ ಸಮಾಸ ಬಿಡಿಸಿ ಬರೆದವರಿಗೆ ಇದು ಹೊಸದೇನಲ್ಲ. ಊರಿನ ಹೆಸರಿಗೆ 'ಅರ್' ಎಂಬ ಪ್ರತ್ಯಯ ಸೇರಿಸಿದರೆ 'ಆ ಊರಿನವನು' ಎಂಬ ಅರ್ಥ ಬರುತ್ತದೆ. ಬರ್ಲಿನ್‌ನವನು ಬರ್ಲಿನರ್, ರಾಟ್‌ವೈಲ್‌ನವನು ರಾಟ್‌ವೈಲರ್. ಇಷ್ಟು ವ್ಯಾಕರಣ ತಿಳಿದರೆ ಅರ್ಧಕ್ಕಿಂತ ಹೆಚ್ಚು ತಳಿಗಳ ಹೆಸರು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಕಸುಬೇ ಹೆಸರು

ನಮ್ಮಲ್ಲಿ ಹಲವರು 'ಡ್ಯಾಶ್‌ಹೌಂಡ್' ಎಂದು ಕರೆಯುವ, ಉದ್ದ ದೇಹ, ಗಿಡ್ಡ ಕಾಲಿನ ನಾಯಿಯ ಹೆಸರಿಗೂ ಓಟಕ್ಕೂ ಸಂಬಂಧವಿಲ್ಲ. ಅದು 'ಡಾಕ್ಸ್‌ಹುಂಡ್'. 'ಡಾಕ್ಸ್' ಎಂದರೆ ಬ್ಯಾಜರ್. ನೆಲದಡಿ ಬಿಲ ತೋಡಿ ಬದುಕುವ, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆಗಳುಳ್ಳ, ಸಿಟ್ಟು ಬಂದರೆ ಯಾರಿಗೂ ಬಗ್ಗದ ಪ್ರಾಣಿ. ಅದರ ಬಿಲದೊಳಗೇ ನುಗ್ಗಿ ಹೋರಾಡಲು ಬೇಕಾದ ಮೈಕಟ್ಟು ಈ ನಾಯಿಯದು. ಕಾಲು ಗಿಡ್ಡವಾದರೆ ಸುರಂಗದಲ್ಲಿ ತೂರಬಹುದು. ಎದೆ ಗಟ್ಟಿಯಿದ್ದರೆ ಮಣ್ಣು ಕೆದರಬಹುದು. ಗಂಟಲು ದೊಡ್ಡದಿದ್ದರೆ ನೆಲದೊಳಗೆ ನಾಯಿ ಎಲ್ಲಿದೆಯೆಂದು ಮೇಲೆ ನಿಂತ ಬೇಟೆಗಾರನಿಗೆ ಬೊಗಳುವ ಸದ್ದಿನಿಂದಲೇ ತಿಳಿಯುತ್ತದೆ. ಜರ್ಮನಿಯಲ್ಲಿ ಈ ತಳಿಯ ಪ್ರಭೇದಗಳನ್ನು ಇಂದಿಗೂ ಎದೆಯ ಸುತ್ತಳತೆಯಿಂದ ವಿಂಗಡಿಸುತ್ತಾರೆ. ಯಾವ ನಾಯಿ ಯಾವ ಗಾತ್ರದ ಬಿಲಕ್ಕೆ ಇಳಿಯಬಲ್ಲದು ಎಂಬುದೇ ಈ ಲೆಕ್ಕದ ಮೂಲ. ಅತಿ ಚಿಕ್ಕದಕ್ಕೆ ಮೊಲದ ಹೆಸರಿದೆ, ಮೊಲದ ಬಿಲಕ್ಕೆ ಅದು ಸಾಕು. ಜರ್ಮನರು ಬಳಕೆಯ ಮಾತಿನಲ್ಲಿ ಇದನ್ನು 'ಡಾಕೆಲ್' ಎಂದೂ ಬೇಟೆಗಾರರು 'ಟೆಕೆಲ್' ಎಂದೂ ಕರೆಯುತ್ತಾರೆ. ಜರ್ಮನ್ ಟೆಕೆಲ್ ಸಂಘ ಸ್ಥಾಪನೆಯಾದದ್ದು 1888ರಲ್ಲಿ.

ಬೇಟೆಯ ಪರಿಭಾಷೆ ತಿಳಿಯದವರನ್ನು ಏಮಾರಿಸುವ ಹೆಸರೂ ಉಂಟು. 'ಶ್ವೈಸ್‌ಹುಂಡ್' ಎಂಬುದನ್ನು ನಿಘಂಟು ಹಿಡಿದು ಬಿಡಿಸಿದರೆ 'ಬೆವರು ನಾಯಿ' ಎಂದಾಗುತ್ತದೆ. ಆದರೆ ಜರ್ಮನ್ ಬೇಟೆಗಾರರ ಮಾತಿನಲ್ಲಿ 'ಶ್ವೈಸ್' ಎಂದರೆ ಗಾಯಗೊಂಡ ಪ್ರಾಣಿಯ ರಕ್ತ. ಗುಂಡು ತಗುಲಿ ತಪ್ಪಿಸಿಕೊಂಡ ಜಿಂಕೆಯ ನೆತ್ತರಿನ ಜಾಡು ಹಿಡಿದು ಹೋಗುವುದು ಈ ನಾಯಿಯ ಕೆಲಸ. ನರಳುತ್ತಿರುವ ಪ್ರಾಣಿಯನ್ನು ಕಾಡಿನಲ್ಲಿ ಹಾಗೆಯೇ ಬಿಟ್ಟು ಬರಬಾರದೆಂಬ ಬೇಟೆಯ ಕಟ್ಟಳೆಯಿಂದ ಹುಟ್ಟಿದ ಕಸುಬು ಇದು. 'ವಾಖ್ಟೆಲ್‌ಹುಂಡ್' ಎಂಬುದು ಲಾವಕ್ಕಿಯ ನಾಯಿ. 'ಫೋರ್‌ಷ್ಟೇಹುಂಡ್' ಎಂದರೆ ಬೇಟೆಯ ಎದುರು ಕದಲದೆ ನಿಂತು ತೋರಿಸುವ ನಾಯಿ.

'ಹೋಫಾವಾರ್ಟ್' ಎಂಬುದು ಇನ್ನೂ ಹಳೆಯ ಹೆಸರು. ಅಂಗಳ ಕಾಯುವವನು ಎಂದು ಅದರ ಅರ್ಥ. ನಮ್ಮ ಹಳ್ಳಿಗಳ ತಳವಾರನಂತೆ ಇದೂ ಹುದ್ದೆಯ ಹೆಸರು. 13ನೇ ಶತಮಾನದ 'ಶ್ವಾಬೆನ್‌ಷ್ಪೀಗೆಲ್' ಎಂಬ ಜರ್ಮನ್ ಕಾನೂನು ಗ್ರಂಥದಲ್ಲಿ ಈ ನಾಯಿಯ ಪ್ರಸ್ತಾಪವಿದೆ. ಅದನ್ನು ಕೊಂದವನು ಒಡೆಯನಿಗೆ ಪರಿಹಾರ ತೆರಬೇಕಿತ್ತು. ಆಗ ಅದು ತಳಿಯ ಹೆಸರಾಗಿರಲಿಲ್ಲ, ಅಂಗಳ ಕಾಯುವ ಯಾವ ನಾಯಿಯೂ ಹೋಫಾವಾರ್ಟ್ ಆಗಿತ್ತು. ಕಾಲಕ್ರಮದಲ್ಲಿ ಮರೆತುಹೋಗಿದ್ದ ಆ ಪದವನ್ನು 1920ರ ದಶಕದಲ್ಲಿ ಕುರ್ಟ್ ಕೋನಿಗ್ ಎಂಬ ತಳಿಗಾರ ಹಳೆಯ ಗ್ರಂಥಗಳಿಂದ ಎತ್ತಿ, ತೋಟದ ಮನೆಗಳ ನಾಯಿಗಳಿಂದ ತಾನು ರೂಪಿಸಿದ ಹೊಸ ತಳಿಗೆ ಇಟ್ಟ.

ಫ್ರಾನ್ಸಿನದೆಂದೇ ಎಲ್ಲರೂ ತಿಳಿದಿರುವ ಪೂಡಲ್‌ನ ಹೆಸರು ಕೂಡ ಜರ್ಮನ್ನೇ. 'ಪುಡೆಲ್ನ್' ಎಂದರೆ ನೀರಿನಲ್ಲಿ ಪಚಪಚ ಎರಚಾಡುವುದು. ಬೇಟೆಗಾರ ಹೊಡೆದ ನೀರುಹಕ್ಕಿಯನ್ನು ಕೆರೆಯಿಂದ ಎತ್ತಿ ತರುವ ನಾಯಿ ಅದು. ಫ್ರೆಂಚರು ಕರೆಯುವ 'ಕಾನಿಷ್' ಎಂಬ ಹೆಸರಿನಲ್ಲೂ ಬಾತುಕೋಳಿಯಿದೆ. ಇಂದು ಸೊಗಸಿನ ಶೃಂಗಾರವೆನಿಸಿರುವ ಅದರ ಕೂದಲ ಕತ್ತರಿಕೆಗೂ ಮೂಲ ಕಾರಣ ಈಜು. ಭಾರ ಕಡಿಮೆಯಾಗಲೆಂದು ಮೈಯ ಕೂದಲನ್ನು ಕತ್ತರಿಸಿ, ತಣ್ಣೀರಿನಲ್ಲಿ ಬೆಚ್ಚಗಿರಲೆಂದು ಎದೆ ಮತ್ತು ಕೀಲುಗಳ ಮೇಲೆ ಉಳಿಸುತ್ತಿದ್ದರು. ಕೆಲಸ ಹೋಯಿತು, ಕ್ಷೌರ ಉಳಿಯಿತು.

ರೈಲು ಬಂದ ಮೇಲೆ

ನೈಋತ್ಯ ಜರ್ಮನಿಯ ರಾಟ್‌ವೈಲ್ ಪಟ್ಟಣಕ್ಕೆ ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಕ್ರಿ.ಶ. 73ರ ಸುಮಾರಿಗೆ ರೋಮನ್ನರು ಇಲ್ಲಿ ನೆಲೆ ಸ್ಥಾಪಿಸಿದ್ದರು. ಅವರ ಕಟ್ಟಡಗಳ ಕೆಂಪು ಹೆಂಚಿನಿಂದಲೇ ಊರಿಗೆ 'ಕೆಂಪು ಊರು' ಎಂಬರ್ಥದ ಹೆಸರು ಬಂತೆನ್ನಲಾಗಿದೆ. ನಂತರದ ಶತಮಾನಗಳಲ್ಲಿ ಇದು ದೊಡ್ಡ ದನದ ಸಂತೆಯ ಊರಾಯಿತು. ಕಟುಕರು ದನಗಳನ್ನು ಕೊಂಡು ಊರಿಂದೂರಿಗೆ ಹೊಡೆದುಕೊಂಡು ಹೋಗುವಾಗ ಜೊತೆಗೆ ಬಲವಾದ ನಾಯಿ ಬೇಕಿತ್ತು. ಮಂದೆಯನ್ನು ಅಟ್ಟುವುದು, ಮಾಂಸದ ಗಾಡಿ ಎಳೆಯುವುದು, ದಾರಿಯಲ್ಲಿ ಕಳ್ಳರಿಂದ ಕಾಯುವುದು ಎಲ್ಲವೂ ಅದರದೇ ಕೆಲಸ. ವ್ಯಾಪಾರದ ಹಣದ ಚೀಲವನ್ನು ನಾಯಿಯ ಕೊರಳಿಗೇ ಕಟ್ಟುತ್ತಿದ್ದರೆಂಬ ಕತೆಯೂ ಇದೆ. ಆಗ ಅದರ ಪೂರ್ಣ ಹೆಸರು 'ರಾಟ್‌ವೈಲರ್ ಮೆಟ್ಸ್‌ಗರ್‌ಹುಂಡ್', ಅಂದರೆ ರಾಟ್‌ವೈಲ್‌ನ ಕಟುಕನ ನಾಯಿ.

19ನೇ ಶತಮಾನದಲ್ಲಿ ರೈಲು ಬಂತು. ದನಗಳು ರೈಲು ಹತ್ತಿದವು. ಮಂದೆಯನ್ನು ರಸ್ತೆಯ ಮೇಲೆ ಹೊಡೆದುಕೊಂಡು ಹೋಗುವುದಕ್ಕೆ ನಿರ್ಬಂಧ ಬಂತು. ಕಟುಕನ ನಾಯಿಗೆ ಕೆಲಸವಿಲ್ಲದಾಯಿತು, 20ನೇ ಶತಮಾನದ ಹೊತ್ತಿಗೆ ತಳಿ ಬಹುಮಟ್ಟಿಗೆ ನಶಿಸಿತ್ತು. ಅದನ್ನು ಉಳಿಸಿದ್ದು ಪೊಲೀಸ್ ಇಲಾಖೆ. 1910ರಲ್ಲಿ ಪೊಲೀಸ್ ನಾಯಿಯಾಗಿ ಅದಕ್ಕೆ ಮನ್ನಣೆ ಸಿಕ್ಕಿತು. ಅಷ್ಟರಲ್ಲಿ ಹೆಸರಿನ ಬಾಲದಲ್ಲಿದ್ದ ಕಟುಕ ಉದುರಿಹೋಗಿ ಊರು ಮಾತ್ರ ಉಳಿದಿತ್ತು.

ಈ ಬದಲಾವಣೆಯ ಹಿಂದೆ ಇನ್ನೊಂದು ಕಾರಣವೂ ಇತ್ತು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, 1863ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶ್ವಾನ ಪ್ರದರ್ಶನಗಳು ನಡೆದವು. ಪ್ರದರ್ಶನವೆಂದರೆ ಬಹುಮಾನ, ಬಹುಮಾನವೆಂದರೆ ವರ್ಗೀಕರಣ. ಇಂಥ ತಂದೆಗೆ ಇಂಥ ತಾಯಿಯಲ್ಲಿ ಹುಟ್ಟಿದ್ದು ಎಂದು ಬರೆದಿಡುವ ವಂಶಾವಳಿ ಪುಸ್ತಕಗಳು ಬಂದವು. ಅದುವರೆಗೆ ಕುರಿ ಕಾದದ್ದೆಲ್ಲ ಕುರಿನಾಯಿಯೇ. ಅದರ ಅಪ್ಪ ಯಾರೆಂದು ಕುರುಬ ಕೇಳುತ್ತಿರಲಿಲ್ಲ. ಈಗ ಕೆಲಸಕ್ಕಿಂತ ಕುಲ ಮುಖ್ಯವಾಯಿತು. ಕುಲಕ್ಕೆ ಗುರುತಾಗಿ ಒಂದು ನಿಶ್ಚಿತ ಹೆಸರು ಬೇಕಾಯಿತು.

ಊರಿನ ಹೆಸರನ್ನು ಜಾಹೀರಾತಿನಂತೆ ಬಳಸಿದವರೂ ಇದ್ದರು. ಲಿಯೊನ್‌ಬರ್ಗ್ ಎಂಬ ಊರಿನ ಲಾಂಛನದಲ್ಲಿ ಸಿಂಹವಿದೆ. ಅಲ್ಲಿನ ನಗರಸಭಾ ಸದಸ್ಯ ಹೈನ್ರಿಖ್ ಎಸ್ಸಿಗ್ 1840ರ ದಶಕದಲ್ಲಿ ಸಿಂಹವನ್ನು ಹೋಲುವ ಭಾರಿ ಗಾತ್ರದ ನಾಯಿಗಳನ್ನು ಬೆಳೆಸಿ, 'ಲಿಯೊನ್‌ಬರ್ಗರ್' ಎಂದು ಕರೆದು ಯೂರೋಪಿನ ಶ್ರೀಮಂತರಿಗೆ, ರಾಜಮನೆತನಗಳಿಗೆ ಮಾರಿದ. ಬೂದು ಬಣ್ಣದ ಬೇಟೆನಾಯಿ ವೈಮರಾನರ್, ಕವಿ ಗಯಟೆ ಬಾಳಿದ ವೈಮರ್ ನಗರದ ಹೆಸರು ಹೊತ್ತಿದೆ.

ಮೂತಿ, ಮಂಗ ಮತ್ತು ಕಂದಾಯದವನು

ರೂಪದಿಂದ ಬಂದ ಹೆಸರುಗಳೂ ಸಾಕಷ್ಟಿವೆ. 'ಸ್ಪಿಟ್ಜ್' ಎಂದರೆ ಚೂಪು. ಮೂತಿಯೂ ಕಿವಿಯೂ ಚೂಪಾಗಿರುವ ನಾಯಿ. 'ಶ್ನೌಟ್ಸರ್' ಎಂಬ ಹೆಸರಿನಲ್ಲಿ ಮೂತಿ ಎಂಬರ್ಥದ 'ಶ್ನೌಟ್ಸೆ' ಇದೆ. ಮೂತಿಯ ಸುತ್ತ ಗಡ್ಡಮೀಸೆ ಬೆಳೆದಿರುವ ಈ ನಾಯಿಗೆ ಮೊದಲು 'ಒರಟು ಕೂದಲಿನ ಪಿನ್ಷರ್' ಎಂಬ ನೀರಸ ಹೆಸರಿತ್ತು. 1879ರ ಹ್ಯಾನೋವರ್ ಪ್ರದರ್ಶನದಲ್ಲಿ ಬಹುಮಾನ ಗೆದ್ದ ನಾಯಿಯನ್ನು ಒಡೆಯ 'ಶ್ನೌಟ್ಸರ್' ಎಂದು ಕರೆಯುತ್ತಿದ್ದ. ಒಂದು ನಾಯಿಯ ಅಡ್ಡಹೆಸರು ಮುಂದೆ ಇಡೀ ತಳಿಯದಾಯಿತು. ಮಂಗನ ಮುಖದ ಪುಟ್ಟ 'ಆಫನ್‌ಪಿನ್ಷರ್'ನಲ್ಲಿರುವ 'ಆಫ' ಎಂದರೆ ಮಂಗವೇ.

ಮನುಷ್ಯನ ಹೆಸರು ಹೊತ್ತ ತಳಿಗಳು ಕಡಿಮೆ. ಅವುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಡಾಬರ್‌ಮನ್. ಥುರಿಂಗಿಯಾ ಪ್ರಾಂತದ ಅಪೋಲ್ಡಾ ಪಟ್ಟಣದಲ್ಲಿ 1834ರಲ್ಲಿ ಹುಟ್ಟಿದ ಕಾರ್ಲ್ ಫ್ರೀಡ್ರಿಖ್ ಲೂಯಿಸ್ ಡಾಬರ್‌ಮನ್ ರಾಜನೂ ಅಲ್ಲ, ಜಹಗೀರುದಾರನೂ ಅಲ್ಲ. ಕಂದಾಯ ವಸೂಲಿ, ರಾತ್ರಿ ಪಹರೆ, ಬೀದಿನಾಯಿ ಹಿಡಿಯುವುದು ಹೀಗೆ ಊರವರಿಗೆ ಪ್ರಿಯವಲ್ಲದ ಕೆಲಸಗಳನ್ನೇ ಮಾಡಿಕೊಂಡಿದ್ದವ. ಹಣದೊಂದಿಗೆ ಒಬ್ಬನೇ ಓಡಾಡುವವನಿಗೆ ಅಂಜದ, ಕೈಕೊಡದ ಜೊತೆಗಾರ ಬೇಕಿತ್ತು. ನಾಯಿಗಳಿಗೂ ಕೊರತೆಯಿರಲಿಲ್ಲ. ತನಗೆ ಬೇಕಾದ ಗುಣಗಳಿದ್ದವನ್ನು ಆರಿಸಿ ಕೂಡಿಸುತ್ತ ಹೋದ. ತಾನು ಯಾವ ಯಾವ ನಾಯಿಗಳನ್ನು ಬೆರೆಸಿದೆನೆಂದು ಆತ ಬರೆದಿಡಲಿಲ್ಲ. 1894ರಲ್ಲಿ ಆತ ತೀರಿಕೊಂಡ ನಂತರವೇ ತಳಿಗೆ ಅವನ ಹೆಸರು ನೆಲೆಯಾಯಿತು. 1899ರಲ್ಲಿ ಅದೇ ಊರಿನ ಓಟೊ ಗೋಲರ್ ಮತ್ತು ಗೆಳೆಯರು ಸಂಘ ಕಟ್ಟಿದರು. 1949ರಲ್ಲಿ ಜರ್ಮನರು ಹೆಸರಿನ ಕೊನೆಯ 'ಪಿನ್ಷರ್' ಅನ್ನು ತೆಗೆದುಹಾಕಿದರು. ಅಮೆರಿಕದಲ್ಲಿ ಅದು ಇನ್ನೂ 'ಡಾಬರ್‌ಮನ್ ಪಿನ್ಷರ್'. ಊರಿನ ಅಧಿಕಾರಿಗಳ ಹೆಸರು ಮರೆತುಹೋಗಿ, ಅವರ ಕೈಕೆಳಗೆ ದುಡಿದವನ ಹೆಸರು ಲೋಕದ ಬಾಯಲ್ಲಿ ನಿಂತಿದೆ.

ರಾಷ್ಟ್ರದ ಮುದ್ರೆ

1871ರಲ್ಲಿ ಹತ್ತಾರು ಸಂಸ್ಥಾನಗಳು ಒಂದುಗೂಡಿ ಜರ್ಮನ್ ಸಾಮ್ರಾಜ್ಯವಾಯಿತು. ರಾಷ್ಟ್ರಕ್ಕೆ ಬಾವುಟ, ನಾಣ್ಯ, ಕಾನೂನು ಬೇಕಾದಂತೆ ನಾಯಿಯೂ ಬೇಕಾಯಿತು. ಆಗ ದೊಡ್ಡ ಬೇಟೆನಾಯಿಗಳಿಗೆ ಪ್ರಾಂತಕ್ಕೊಂದು ಹೆಸರಿತ್ತು. ಉಲ್ಮ್ ನಗರದ ಹೆಸರಿನಲ್ಲಿ ಒಂದು, ಡೆನ್ಮಾರ್ಕಿನ ಹೆಸರಿನಲ್ಲಿ ಇನ್ನೊಂದು, ಕಾಡುಹಂದಿಯನ್ನು ಹಿಡಿಯುವ ಕೆಲಸದಿಂದ ಬಂದ 'ಸೌಪಾಕರ್' ಮತ್ತೊಂದು. 1878ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಏಳು ಮಂದಿಯ ಸಮಿತಿ ಇವೆಲ್ಲವನ್ನೂ ಒಟ್ಟುಗೂಡಿಸಿ 'ಡಾಯ್ಚೆ ಡೊಗ್ಗೆ' ಎಂದು ಕರೆಯಲು ತೀರ್ಮಾನಿಸಿತು. ಹಂದಿ ಹಿಡಿಯುವವನು ಹೋಗಿ ಜರ್ಮನ್ ಬಂದ. ತಮಾಷೆಯೆಂದರೆ 'ಡೊಗ್ಗೆ' ಎಂಬುದು ಇಂಗ್ಲಿಷಿನ 'ಡಾಗ್' ಪದದಿಂದ ಬಂದದ್ದು. ಸಾಮ್ರಾಜ್ಯದ ಶಿಲ್ಪಿ ಬಿಸ್ಮಾರ್ಕ್ ಇದೇ ತಳಿಯ ನಾಯಿಗಳನ್ನು ಸಾಕಿದ್ದ. ಜನ ಅವನ್ನು 'ಸಾಮ್ರಾಜ್ಯದ ನಾಯಿ' ಎಂದು ಕರೆದರು. ಇಂಗ್ಲಿಷರು ಮಾತ್ರ 18ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಯುಫಾನ್ ಬಳಸಿದ ಹೆಸರನ್ನು ಅನುಸರಿಸಿ ಇಂದಿಗೂ 'ಗ್ರೇಟ್ ಡೇನ್' ಎನ್ನುತ್ತಾರೆ. ಡೆನ್ಮಾರ್ಕಿಗೂ ಈ ತಳಿಯ ಹುಟ್ಟಿಗೂ ಸಂಬಂಧವಿಲ್ಲ.

ಕುರಿನಾಯಿಯ ಕತೆಯೂ ಇಂಥದೇ. ಕುದುರೆ ಪಡೆಯ ಅಧಿಕಾರಿಯಾಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಒಂದು ಪ್ರದರ್ಶನದಲ್ಲಿ 'ಹೆಕ್ಟರ್' ಎಂಬ ನಾಯಿಯನ್ನು ಕಂಡು ಮರುಳಾದ. ಅದನ್ನು ಕೊಂಡು 'ಹೊರಾಂಡ್ ಫಾನ್ ಗ್ರಾಫ್‌ರಾತ್' ಎಂದು ಹೊಸ ಹೆಸರಿಟ್ಟ. ಅದೇ ವರ್ಷ ಏಪ್ರಿಲ್ 22ರಂದು ಸಂಘ ಸ್ಥಾಪಿಸಿ, ವಂಶಾವಳಿ ಪುಸ್ತಕದ ಮೊದಲ ನಮೂದಾಗಿ ಅದೇ ನಾಯಿಯನ್ನು ಬರೆಸಿದ. ಪ್ರಾಂತಪ್ರಾಂತಗಳಲ್ಲಿ ಬೇರೆ ಬೇರೆ ರೂಪದಲ್ಲಿದ್ದ ಕುರಿನಾಯಿಗಳು ಒಂದೇ 'ಜರ್ಮನ್' ಕುರಿನಾಯಿಯಾದವು. ಕುರಿ ಸಾಕಣೆ ಇಳಿಮುಖವಾಗುತ್ತಿದ್ದ ಕಾಲವದು. ಕುರಿಯಿಲ್ಲದ ಕುರಿನಾಯಿಗೆ ಆತ ಪೊಲೀಸ್ ಮತ್ತು ಸೇನೆಯಲ್ಲಿ ಕೆಲಸ ಹುಡುಕಿಕೊಟ್ಟ.

ಹೆಸರಿಗಾಗಿ ಕಲ್ಲೇಟು

ರಾಷ್ಟ್ರದ ಮುದ್ರೆಯ ಬೆಲೆ 1914ರಲ್ಲಿ ತಿಳಿಯಿತು. ಶತ್ರುವಿನ ಹೆಸರನ್ನು ಉಚ್ಚರಿಸಬಾರದೆಂಬ ಹಠ ಎಲ್ಲೆಡೆ ಹಬ್ಬಿತ್ತು. ರಷ್ಯನ್ನರು ತಮ್ಮ ರಾಜಧಾನಿಯ ಜರ್ಮನ್ ಧಾಟಿಯ ಹೆಸರು ತೆಗೆದು ಪೆಟ್ರೊಗ್ರಾಡ್ ಎಂದು ಕರೆದರು. 1917ರಲ್ಲಿ ಬ್ರಿಟಿಷ್ ರಾಜಮನೆತನ ತನ್ನ ಸ್ಯಾಕ್ಸ್-ಕೋಬರ್ಗ್-ಗೋಥಾ ಎಂಬ ಹೆಸರನ್ನೇ ಬಿಟ್ಟು ವಿಂಡ್ಸರ್ ಆಯಿತು. ರಾಜನೇ ಹೆಸರು ಬದಲಿಸಿಕೊಂಡ ಮೇಲೆ ನಾಯಿಯ ಪಾಡೇನು? ತನ್ನ ಬಾಲ್ಯದ ಊರು ಬರ್ಕಮ್‌ಸ್ಟೆಡ್‌ನ ಬೀದಿಯಲ್ಲಿ ಆಗ ಒಂದು ಡಾಕ್ಸ್‌ಹುಂಡ್‌ಗೆ ಜನ ಕಲ್ಲು ಹೊಡೆದುದನ್ನು ಕಾದಂಬರಿಕಾರ ಗ್ರಹಾಂ ಗ್ರೀನ್ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಬಿಲದಲ್ಲಿ ಬ್ಯಾಜರ್ ಹಿಡಿಯುವುದಕ್ಕೆಂದು ಹುಟ್ಟಿದ ಪ್ರಾಣಿ ಚಕ್ರವರ್ತಿಯ ತಪ್ಪಿಗೆ ಪೆಟ್ಟು ತಿಂದಿತು. ಅಮೆರಿಕದಲ್ಲಿ ಅದನ್ನು 'ಸ್ವಾತಂತ್ರ್ಯದ ಮರಿ' ಎಂದು ಕರೆದು ಕಾಪಾಡಲು ಯತ್ನಿಸಿದರು. ಅಲ್ಲಿನ ಕೆನಲ್ ಕ್ಲಬ್ 1917ರಲ್ಲಿ ಕುರಿನಾಯಿಯ ಹೆಸರಿನಿಂದ 'ಜರ್ಮನ್' ಪದವನ್ನು ಕಿತ್ತುಹಾಕಿತು. ಮರಳಿ ಸೇರಿಸಿದ್ದು 1931ರಲ್ಲಿ.

ಬ್ರಿಟನ್ನಿನಲ್ಲಿ ಗಾಯ ಮಾಯಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ನಡುವೆ ಎರಡನೇ ಮಹಾಯುದ್ಧ ಬಂತು. ಹಿಟ್ಲರ್‌ನ ಪಕ್ಕದಲ್ಲಿದ್ದ 'ಬ್ಲಾಂಡಿ' ಇದೇ ತಳಿಯದು, ನಾಜಿಗಳ ಯಾತನಾ ಶಿಬಿರಗಳ ಬೇಲಿಯ ಬಳಿ ಕಾವಲಿದ್ದದ್ದೂ ಇವೇ ನಾಯಿಗಳು. ಅವೇ ನಾಯಿಗಳು ಬೇರೆ ದೇಶಗಳಲ್ಲಿ ಕುರುಡರಿಗೆ ದಾರಿ ತೋರುತ್ತಿದ್ದವು. ಅಂತೂ 1977ರಲ್ಲಿ ಬ್ರಿಟಿಷ್ ಕೆನಲ್ ಕ್ಲಬ್ 'ಜರ್ಮನ್ ಶೆಫರ್ಡ್' ಎಂಬ ಹೆಸರನ್ನು ಮತ್ತೆ ಒಪ್ಪಿಕೊಂಡಿತು. ಆವರಣದೊಳಗೆ ಉಳಿದಿದ್ದ 'ಆಲ್ಸೇಷಿಯನ್' ಅಳಿದದ್ದು 2010ರಲ್ಲಿ.

ಇತ್ತ ಜರ್ಮನಿಗೂ ತನ್ನ ಮುಖ ಬದಲಿಸಿಕೊಳ್ಳಬೇಕಿತ್ತು. 1936ರಲ್ಲಿ ಹಿಟ್ಲರ್ ನಡೆಸಿದ ಬರ್ಲಿನ್ ಒಲಿಂಪಿಕ್ಸ್‌ನ ನೆನಪು ಅಳಿಸಬೇಕೆಂಬ ಆಸೆಯಿಂದ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಲಾಂಛನ ಪ್ರಾಣಿಯಾಗಿ ಆರಿಸಿದ್ದು ಹದ್ದನ್ನಲ್ಲ, ಕುರಿನಾಯಿಯನ್ನೂ ಅಲ್ಲ, 'ವಾಲ್ಡಿ' ಎಂಬ ಬಣ್ಣಬಣ್ಣದ ಡಾಕ್ಸ್‌ಹುಂಡ್ ಅನ್ನು. ಬೇಸಿಗೆ ಒಲಿಂಪಿಕ್ಸ್‌ನ ಮೊದಲ ಅಧಿಕೃತ ಲಾಂಛನ ಪ್ರಾಣಿ ಅದು. ಮ್ಯಾರಥಾನ್ ಓಟದ ಹಾದಿಯನ್ನೂ ಅದರ ಆಕಾರದಲ್ಲೇ ರೂಪಿಸಲಾಗಿತ್ತು. ಮುಂದಿನ ವರ್ಷ, 1973ರಲ್ಲಿ, ಒಂದು ಹೊಸ ಜರ್ಮನ್ ತಳಿಗೆ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಯೂರೋಪಿನ ಸ್ಪಿಟ್ಜ್ ಮತ್ತು ಚೀನಾ ಮೂಲದ ಚೌಚೌ ಬೆರೆಸಿ ಯೂಲಿಯಸ್ ವಿಪ್‌ಫೆಲ್ ರೂಪಿಸಿದ ಆ ತಳಿಗೆ ಊರಿನ ಹೆಸರೂ ಇಲ್ಲ, ದೇಶದ ಹೆಸರೂ ಇಲ್ಲ. ಎರಡು ಖಂಡಗಳನ್ನು ಕೂಡಿಸಿ ಅದನ್ನು 'ಯುರೇಸಿಯರ್' ಎಂದು ಕರೆದರು.

ನಮ್ಮ ಮನೆಯಂಗಳದಲ್ಲಿ

ಈ ಹೆಸರುಗಳ ಪಯಣದ ಗುರುತು ಕರ್ನಾಟಕದಲ್ಲೂ ಇದೆ. ಇಲ್ಲಿ ಅನೇಕರು 'ಪಮೇರಿಯನ್' ಎಂದು ಮುದ್ದಿನಿಂದ ಸಾಕಿದ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್‌ಗಳ ಸಂತತಿ ಈ ನಾಡಿನ ಸೆಕೆಗೆ ಒಗ್ಗಿಕೊಂಡು ಬೆಳೆಯಿತು. 'ಪಮೇರಿಯನ್' ಎಂಬುದು ಬಾಲ್ಟಿಕ್ ಸಮುದ್ರ ತೀರದ ಪಮೇರಾನಿಯಾ ಪ್ರಾಂತದ ಹೆಸರು. ಸ್ಲಾವ್ ಭಾಷೆಯಲ್ಲಿ 'ಕಡಲ ಬದಿ' ಎಂದರ್ಥ. ಎರಡನೇ ಮಹಾಯುದ್ಧದ ನಂತರ ಅದರ ಹೆಚ್ಚಿನ ಭಾಗ ಪೋಲೆಂಡಿಗೆ ಸೇರಿತು, ಅಲ್ಲಿದ್ದ ಜರ್ಮನರು ಮನೆಮಠ ಬಿಟ್ಟು ಹೊರಡಬೇಕಾಯಿತು. ಜರ್ಮನರು ಆ ನಾಯಿಯನ್ನು ಕರೆಯುವುದೂ 'ಕುಳ್ಳ ಸ್ಪಿಟ್ಜ್' ಎಂದು. ಜರ್ಮನಿಯ ಕೈತಪ್ಪಿದ ಕಡಲತೀರದ ಹೆಸರು ಕನ್ನಡ ನಾಡಿನ ಗಲ್ಲಿಗಳಲ್ಲಿ ಉಳಿದಿದೆ.

ರಾಟ್‌ವೈಲ್‌ನಂತೆ ನಾಯಿಯಿಂದ ಹೆಸರಾದ ಊರು ನಮ್ಮಲ್ಲೂ ಒಂದಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು. ಈ ನಾಯಿಗೂ ಎರಡು ಹೆಸರು. ಭಾರತದ ಎರಡು ಶ್ವಾನ ಸಂಸ್ಥೆಗಳಲ್ಲಿ ಒಂದು ಇದನ್ನು ಮುಧೋಳ ಹೌಂಡ್ ಎಂದು ದಾಖಲಿಸಿದರೆ ಇನ್ನೊಂದು ಕ್ಯಾರವಾನ್ ಹೌಂಡ್ ಎನ್ನುತ್ತದೆ. ಒಂದರಲ್ಲಿ ಊರಿದೆ, ಇನ್ನೊಂದರಲ್ಲಿ ಆ ನಾಯಿಯನ್ನು ಜೊತೆಗೆ ಕರೆತಂದ ಅಲೆಮಾರಿ ತಂಡಗಳ ನೆನಪಿದೆ.

ಇನ್ನು ಆಲ್ಸೇಷಿಯನ್. ಅದೂ ಜರ್ಮನ್ ಶೆಫರ್ಡೂ ಬೇರೆ ಬೇರೆ ನಾಯಿಗಳೆಂದು ತಿಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಬ್ರಿಟಿಷರೇ ಕೈಬಿಟ್ಟ ಆ ಹೆಸರನ್ನು ಅವರ ಹಳೆಯ ವಸಾಹತು ಇನ್ನೂ ಬಿಟ್ಟಿಲ್ಲ. ಒಂದು ಯುದ್ಧದ ಸಿಟ್ಟಿನಲ್ಲಿ ಲಂಡನ್ನಿನ ಕಚೇರಿಯಲ್ಲಿ ಬರೆದ ಪದ, ಆ ಸಿಟ್ಟು ಯಾತಕ್ಕೆಂದೂ ತಿಳಿಯದವರ ಮನೆಯ ಗೇಟಿನ ಬಳಿ ಇಂದಿಗೂ ಕೇಳಿಬರುತ್ತದೆ.